ಹಾಡಿದವರಿಗೆ ಕೂಲಿ ಕೊಡುವವರು ಯಾರು?

ಕಳೆದ ಬೇಸಿಗೆಯಲ್ಲಿ ನನ್ನ ಹುಟ್ಟೂರು ಯಗಟಿಯ ಜಾತ್ರೆಗೆ ಹೋಗಿದ್ದೆ. ಚಿಕ್ಕಮಗಳೂರು ಜಿಲ್ಲೆಯೆಂದರೆ ಕಾಫಿ ತೋಟ ಮತ್ತು ಮಂಜು ಮುಸುಕಿದ ಗಿರಿಶ್ರೇಣಿ ಎಂದು ಭಾವಿಸಿದವರಿಗೆ ಕಡೂರು ತಾಲ್ಲೂಕಿನ ಈ ಹೋಬಳಿ ಕೇಂದ್ರ ಬೇರೆಯೇ ಲೋಕವಾಗಿ ಕಾಣುತ್ತದೆ. ಇದು ಬಯಲುಸೀಮೆ. ತೆಂಗು, ರಾಗಿ, ಮಳೆಗಾಗಿ ಮುಗಿಲು ನೋಡುವ ಕಣ್ಣುಗಳು, ಬತ್ತಿದ ಕೊಳವೆಬಾವಿಗಳು ಇಲ್ಲಿನ ಚಿತ್ರ. ರಾತ್ರಿ ಎಂದಿನಂತೆ ರಸಮಂಜರಿ ಕಾರ್ಯಕ್ರಮವಿತ್ತು. ಒಂದರ ಹಿಂದೊಂದು ಚಿತ್ರಗೀತೆಗಳು. ನಡುವೆ ಒಬ್ಬ ಹುಡುಗ ಮೈಕ್ ಹಿಡಿದು ತಾನೇ ಬರೆದು ರಾಗ ಹಾಕಿದ ಹಾಡೆಂದು ಹೇಳಿ ಹಾಡತೊಡಗಿದ. ಸಾವಿರ ಅಡಿ ಕೊರೆದರೂ ನೀರು ಕಾಣದ ಕೊಳವೆಬಾವಿಯ ಕುರಿತ ಹಾಡು. ಮುಂದಿನ ಸಾಲಿನಲ್ಲಿ ಕುಳಿತಿದ್ದ ರೈತರು ಮಾತು ನಿಲ್ಲಿಸಿದರು. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ವೇದಿಕೆಯ ಪಕ್ಕದಿಂದ ಕೂಗು ಕೇಳಿತು: ‘ಸಾಕಪ್ಪಾ, ಸಿನಿಮಾದ್ದು ಯಾವುದಾದ್ರೂ ಹಾಡು.’ ಹುಡುಗ ನಕ್ಕು, ಒಂದು ಚಿತ್ರಗೀತೆ ಹಾಡಿ ಇಳಿದ.

ಕಾರ್ಯಕ್ರಮ ಮುಗಿದ ಮೇಲೆ ಅವನನ್ನು ಹುಡುಕಿಕೊಂಡು ಹೋದೆ. ಹಗಲು ಸರಕು ಆಟೊ ಓಡಿಸುತ್ತಾನೆ. ರಾತ್ರಿ ಮೊಬೈಲಿನಲ್ಲಿ ಹಾಡು ದಾಖಲಿಸಿ ಯೂಟ್ಯೂಬ್‌ಗೆ ಹಾಕುತ್ತಾನೆ. ‘ಏನಾದರೂ ದುಡ್ಡು ಬರುತ್ತದೇನಪ್ಪಾ?’ ಎಂದು ಕೇಳಿದೆ. ‘ಇಲ್ಲ ಸಾರ್, ಅದಕ್ಕೆ ಲೆಕ್ಕ ಐತೆ. ನಂದಿನ್ನೂ ಆ ಲೆಕ್ಕಕ್ಕೆ ಮುಟ್ಟಿಲ್ಲ’ ಎಂದ.

‘ಲೆಕ್ಕಕ್ಕೆ ಮುಟ್ಟದ’ ಹಾಡುಗಳ ಬಗ್ಗೆಯೇ ಈ ಬರಹ. ಕನ್ನಡದ ಸ್ವತಂತ್ರ ಸಂಗೀತವನ್ನು, ಎಂದರೆ ಸಿನಿಮಾದ ಹಂಗಿಲ್ಲದೆ ಹುಟ್ಟುವ ಹಾಡುಗಳನ್ನು, ನಾನು ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಬೆನ್ನು ಹತ್ತಿ ಕೇಳುತ್ತ ಬಂದವನು. ಸಂಗೀತಶಾಸ್ತ್ರ ಬಲ್ಲವನಲ್ಲ, ಕೇವಲ ಅಭಿಮಾನಿ. ಆದರೆ ಓದಿದ್ದು ಅರ್ಥಶಾಸ್ತ್ರ, ಮಾಡಿದ್ದು ಸರ್ಕಾರಿ ನೌಕರಿ. ಹಾಗಾಗಿ ಒಳ್ಳೆಯ ಹಾಡು ಕೇಳಿದಾಗಲೆಲ್ಲ, ಇದರ ಖರ್ಚನ್ನು ಭರಿಸಿದವರು ಯಾರು ಎಂಬ ಅರಸಿಕ ಪ್ರಶ್ನೆಯೂ ಏಳುತ್ತದೆ.

ಕ್ಯಾಸೆಟ್ಟಿನ ಕಾಲ

ನಮ್ಮ ಪೀಳಿಗೆಗೆ ಈ ಹುಚ್ಚು ಹಿಡಿಸಿದ್ದು ಆಕಾಶವಾಣಿ. 1965ರಲ್ಲಿ ಆರಂಭವಾದ ಭದ್ರಾವತಿ ಕೇಂದ್ರದ ದನಿ ನಮ್ಮ ಭಾಗದ ಮನೆಗಳಲ್ಲಿ ದಿನಚರಿಯೇ ಆಗಿತ್ತು. ಪಿ. ಕಾಳಿಂಗರಾಯರು ತೆರೆದ ದಾರಿಯಲ್ಲಿ ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ನಡೆದು ಬಂದರು. 1978ರಲ್ಲಿ ನಿಸಾರ್ ಅಹಮದರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದಾಗ ಸಂಭವಿಸಿದ್ದು ಸಾಂಸ್ಕೃತಿಕ ಘಟನೆಯಷ್ಟೇ ಅಲ್ಲ, ಆರ್ಥಿಕ ಘಟನೆಯೂ ಹೌದು. ನಟ ನಟಿಯರ ಮುಖವಿಲ್ಲದೆ, ಕೇವಲ ಕವಿತೆ ಮತ್ತು ದನಿಯನ್ನು ನಂಬಿಕೊಂಡ ಒಂದು ವಸ್ತುವನ್ನು ಕನ್ನಡಿಗ ಅಂಗಡಿಗೆ ಹೋಗಿ ಹಣ ಕೊಟ್ಟು ಕೊಳ್ಳುತ್ತಾನೆ ಎಂಬುದು ಅಂದು ಸಾಬೀತಾಯಿತು. ಮುಂದಿನ ಎರಡು ದಶಕಗಳ ಭಾವಗೀತೆಯ ಬೆಳೆ ಇದೇ ನಂಬಿಕೆಯ ಮೇಲೆ ನಿಂತಿತು. ಅಶ್ವತ್ಥರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನ ತುಂಬಿ ತುಳುಕಿದ್ದು ಆ ಪರಂಪರೆಯ ಶಿಖರ. ಆ ವೇಳೆಗೆ ಕ್ಯಾಸೆಟ್ಟಿನ ಆಯುಷ್ಯ ಮುಗಿಯುತ್ತ ಬಂದಿತ್ತೆಂಬುದು ನಮಗೆ ಆಗ ಹೊಳೆದಿರಲಿಲ್ಲ.

ಇದಕ್ಕೆ ಸಮಾನಾಂತರವಾಗಿ ಮತ್ತೊಂದು ಧಾರೆ ಇತ್ತು. ಎಪ್ಪತ್ತರ ದಶಕದ ದಲಿತ ಮತ್ತು ರೈತ ಚಳವಳಿಗಳು, ಸಮುದಾಯದ ಜಾಥಾಗಳು ತಮ್ಮದೇ ಹಾಡುಗಳನ್ನು ಕಟ್ಟಿಕೊಂಡವು. ಸಿದ್ಧಲಿಂಗಯ್ಯನವರ ಹಾಡುಗಳು ತಮಟೆಯ ಬಡಿತದೊಂದಿಗೆ ಊರೂರು ಸುತ್ತಿದವು. ಅವುಗಳಿಗೆ ಕಂಪನಿಯಿರಲಿಲ್ಲ, ಟಿಕೆಟ್ಟಿರಲಿಲ್ಲ. ಕೋಲಾರದ ಪಿಚ್ಚಳ್ಳಿ ಶ್ರೀನಿವಾಸರಂತಹ ಗಾಯಕರು ಬಂದದ್ದು ಈ ಧಾರೆಯಿಂದ. ಕೋಟಿಗಾನಹಳ್ಳಿ ರಾಮಯ್ಯನವರು ಕೋಲಾರದ ಬೆಟ್ಟದ ಮೇಲೆ ಕಟ್ಟಿದ ‘ಆದಿಮ’ದಲ್ಲಿ ಬೆಳದಿಂಗಳ ಕೆಳಗೆ ನಡೆದುಬಂದ ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ಅದರ ಮುಂದುವರಿಕೆ. ಸ್ವತಂತ್ರ ಸಂಗೀತವೆಂದರೆ ಗಿಟಾರ್ ಹಿಡಿದ ನಗರದ ಯುವಕರ ಹವ್ಯಾಸವೆಂದು ಭಾವಿಸುವವರು ಈ ಇತಿಹಾಸವನ್ನು ಮರೆಯಬಾರದು.

ಗಿಟಾರ್ ಹಿಡಿದವರು ಬಂದದ್ದು ತಡವಾಗಿ. ತೊಂಬತ್ತರ ದಶಕದ ಬೆಂಗಳೂರಿನಲ್ಲಿ ಬ್ಯಾಂಡುಗಳಿಗೆ ಕೊರತೆಯಿರಲಿಲ್ಲ. ಆದರೆ ಅವು ಹಾಡುತ್ತಿದ್ದುದು ಬಹುತೇಕ ಇಂಗ್ಲಿಷಿನಲ್ಲಿ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ಭರತನಾಟ್ಯ ಕಲಿತ ರಘು ದೀಕ್ಷಿತ್ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಹೊಂದಿಸಿ ಹಾಡತೊಡಗಿದಾಗ ಧ್ವನಿಮುದ್ರಣ ಕಂಪನಿಗಳು ಬಾಗಿಲು ತೆರೆಯಲಿಲ್ಲ. ವರ್ಷಗಳ ಅಲೆದಾಟದ ನಂತರ 2008ರಲ್ಲಿ ಅವರ ಮೊದಲ ಸಂಕಲನ ಹೊರಬಂದದ್ದು ಮುಂಬೈನ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ಅವರ ಸಂಸ್ಥೆಯಿಂದ. ಎರಡೇ ವರ್ಷಗಳಲ್ಲಿ ಅದೇ ಗಾಯಕ ಬಿಬಿಸಿಯ ಪ್ರತಿಷ್ಠಿತ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದ ಪ್ರಶಸ್ತಿ ಪಡೆದು, ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯನ್ನೂ ಏರಿದರು. ಅವರ ತಮ್ಮ ವಾಸು ದೀಕ್ಷಿತ್ ಮುಖ್ಯ ಗಾಯಕರಾಗಿದ್ದ ‘ಸ್ವರಾತ್ಮ’ ತಂಡ 2009ರಲ್ಲಿ ತನ್ನ ಮೊದಲ ಸಂಕಲನ ತಂದಿತು. ಬಳಿಕ ಚಂದನ್ ಶೆಟ್ಟಿ, ‘ಆಲ್ ಓಕೆ’ ಹೆಸರಿನ ಅಲೋಕ್, ರಾಹುಲ್ ಡಿಟ್ಟೊ ಮೊದಲಾದವರು ಕನ್ನಡಕ್ಕೆ ರ್‍ಯಾಪ್ ತಂದರು. ಇತ್ತ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಜಾನಪದ’ ಎಂಬ ಹೆಸರಿನಲ್ಲೇ ಹೊಸ ಹಾಡಿನ ಉದ್ಯಮವೊಂದು ಬೆಳೆದು ನಿಂತಿದೆ. ಮಾಳು ನಿಪನಾಳರಂತಹ ಗಾಯಕರ ಹಾಡುಗಳು ಟ್ರ್ಯಾಕ್ಟರುಗಳಲ್ಲಿ, ಮದುವೆ ಮೆರವಣಿಗೆಗಳಲ್ಲಿ ಮೊದಲು ಮೊಳಗಿ ಆಮೇಲೆ ನಗರ ತಲುಪಿದವು. ಅವುಗಳಲ್ಲಿ ಕೆಲವನ್ನು ಕೇಳಿ ಮೂಗು ಮುರಿಯುವ ಸ್ನೇಹಿತರು ನನಗಿದ್ದಾರೆ. ಎಲ್ಲ ಹಾಡುಗಳೂ ನನಗೂ ಇಷ್ಟವಲ್ಲ. ಆದರೆ ಸಿನಿಮಾದ ಹಂಗೂ ಇಲ್ಲದೆ, ಅಕಾಡೆಮಿಯ ಹಂಗೂ ಇಲ್ಲದೆ ತನ್ನ ಕೇಳುಗರನ್ನು ತಾನೇ ಹುಡುಕಿಕೊಂಡ ಸಂಗೀತಕ್ಕೆ ‘ಸ್ವತಂತ್ರ’ ಎಂಬ ವಿಶೇಷಣವನ್ನು ನಿರಾಕರಿಸಲು ನಮಗೇನು ಅಧಿಕಾರವಿದೆ?

ಲೆಕ್ಕದ ಒಳಗುಟ್ಟು

ಈಗ ಆ ಹುಡುಗ ಹೇಳಿದ ಲೆಕ್ಕಕ್ಕೆ ಬರೋಣ. ಯೂಟ್ಯೂಬಿನ ಜಾಹೀರಾತು ಆದಾಯದಲ್ಲಿ ಪಾಲು ಸಿಗಬೇಕಾದರೆ ವಾಹಿನಿಗೆ ಸಾವಿರ ಚಂದಾದಾರರಿರಬೇಕು ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ ಅದರ ವಿಡಿಯೊಗಳು ಒಟ್ಟು ನಾಲ್ಕು ಸಾವಿರ ಗಂಟೆ ವೀಕ್ಷಣೆ ಕಂಡಿರಬೇಕು. ಕಿರು ವಿಡಿಯೊಗಳ ದಾರಿ ಹಿಡಿದರೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ ಬೇಕು. ನಾಲ್ಕು ನಿಮಿಷದ ಹಾಡನ್ನು ಪೂರ್ತಿ ಅರವತ್ತು ಸಾವಿರ ಸಲ ಕೇಳಿದಾಗ ನಾಲ್ಕು ಸಾವಿರ ಗಂಟೆಯಾಗುತ್ತದೆ. ಯಗಟಿಯಂತಹ ಊರಿನ ಹುಡುಗನಿಗೆ ಇದು ಸಣ್ಣ ಮಾತಲ್ಲ. 2019ರ ಫೆಬ್ರುವರಿಯಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ಮಾಡಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ ಸಾವಿರ ಸಲ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ಗೌರವಧನದ ಲೆಕ್ಕವೇ ತೆರೆಯುವುದಿಲ್ಲ.

ಬಹಳ ಮಂದಿ ಕೇಳುಗರಿಗೆ ತಿಳಿಯದ ಸಂಗತಿ ಮತ್ತೊಂದಿದೆ. ನಾನು ತಿಂಗಳ ಚಂದಾ ಕಟ್ಟಿ ಇಡೀ ತಿಂಗಳು ಒಬ್ಬನೇ ಒಬ್ಬ ಕನ್ನಡ ಗಾಯಕನನ್ನು ಕೇಳಿದೆನೆಂದು ಇಟ್ಟುಕೊಳ್ಳಿ. ನನ್ನ ಚಂದಾದ ಕಲಾವಿದರ ಪಾಲೆಲ್ಲ ಆತನಿಗೆ ಸಲ್ಲುತ್ತದೆಂದು ನೀವು ಭಾವಿಸಿದ್ದರೆ ಅದು ತಪ್ಪು. ಸಾಮಾನ್ಯವಾಗಿ ಎಲ್ಲರ ಹಣವೂ ಒಂದೇ ಹುಂಡಿಗೆ ಬೀಳುತ್ತದೆ, ಒಟ್ಟು ಆಲಿಕೆಯಲ್ಲಿ ಯಾರ ಪಾಲು ಎಷ್ಟೋ ಅದರ ಪ್ರಕಾರ ಹಂಚಿಕೆಯಾಗುತ್ತದೆ. ಹೀಗಾಗಿ ಹಗಲಿಡೀ ಚಿತ್ರಗೀತೆ ಹಾಕಿಟ್ಟಿರುವ ಹೋಟೆಲಿನವನ ಕಿವಿಗೆ ನನ್ನ ಕಿವಿಗಿಂತ ಹೆಚ್ಚು ಮತಗಳಿವೆ. ಕೇಳುಗನ ಹಣ ಆತ ಕೇಳಿದ ಕಲಾವಿದನಿಗೇ ಹೋಗುವ ಪದ್ಧತಿ ಅಸಾಧ್ಯವೇನಲ್ಲ. ‘ಸೌಂಡ್‌ಕ್ಲೌಡ್’ 2021ರಲ್ಲಿ ಅಂತಹ ವ್ಯವಸ್ಥೆಯನ್ನು ತಂದಿದೆ. ದೊಡ್ಡ ಸಂಸ್ಥೆಗಳಿಗೆ ಅದರಲ್ಲಿ ಆಸಕ್ತಿ ಕಡಿಮೆ. ಸಣ್ಣ ಭಾಷೆಗಳ ಸಣ್ಣ ಕಲಾವಿದರು ಅವರ ಲೆಕ್ಕದಲ್ಲಿ ನಿಜಕ್ಕೂ ಸಣ್ಣವರು.

ಅರ್ಥಶಾಸ್ತ್ರದಲ್ಲಿ ಇದಕ್ಕೆ ಹಳೆಯ ವಿವರಣೆಗಳಿವೆ. ಷೆರ್ವಿನ್ ರೋಸನ್ 1981ರಲ್ಲಿ ‘ಸೂಪರ್‌ಸ್ಟಾರ್’ಗಳ ಅರ್ಥಶಾಸ್ತ್ರದ ಬಗ್ಗೆ ಬರೆದರು. ಒಬ್ಬ ಗಾಯಕನ ದನಿಯನ್ನು ಹೆಚ್ಚು ಖರ್ಚಿಲ್ಲದೆ ಕೋಟಿ ಜನರಿಗೆ ತಲುಪಿಸುವ ತಂತ್ರಜ್ಞಾನ ಬಂದಾಗ, ಮೊದಲ ಸ್ಥಾನದವನಿಗೂ ಹತ್ತನೆಯವನಿಗೂ ಪ್ರತಿಭೆಯಲ್ಲಿ ಅಂತರ ಅಲ್ಪವಿದ್ದರೂ ಆದಾಯದಲ್ಲಿ ಅಗಾಧವಾಗುತ್ತದೆ. ಅಂತರ್ಜಾಲ ಎಲ್ಲರಿಗೂ ಬಾಗಿಲು ತೆರೆಯಿತೆಂಬುದು ನಿಜ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಎಲೆ ಹಾಕಿದ್ದಾರೆಂದು ಅರ್ಥವಲ್ಲ.

ಎರಡನೆಯದು ವಿಲಿಯಂ ಬೌಮಲ್ ಮತ್ತು ವಿಲಿಯಂ ಬೊವೆನ್ 1966ರಲ್ಲಿ ವಿವರಿಸಿದ ಪ್ರದರ್ಶನ ಕಲೆಗಳ ಇಕ್ಕಟ್ಟು. ಕಾರ್ಖಾನೆಯಲ್ಲಿ ಯಂತ್ರ ಬಂದು ಒಬ್ಬ ಹತ್ತು ಜನರ ಕೆಲಸ ಮಾಡಬಲ್ಲ. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕ್ಕೆ ಇನ್ನೂರು ವರ್ಷಗಳ ನಂತರವೂ ನಾಲ್ವರೇ ಬೇಕು, ಅಷ್ಟೇ ಸಮಯ ಬೇಕು. ನಮ್ಮ ಕಡೂರು ಸೀಮೆಯ ವೀರಗಾಸೆಯನ್ನೇ ನೋಡಿ. ಕತ್ತಿ ಹಿಡಿದು ಕುಣಿಯುವವರು, ಸಂಬಾಳ, ಕರಡೆ, ತಾಳದವರು, ಒಡಪು ಹೇಳುವವರು ಸೇರಿ ನನ್ನ ಬಾಲ್ಯದಲ್ಲಿ ಎಷ್ಟು ಜನ ಬೇಕಿತ್ತೋ ಇಂದೂ ಅಷ್ಟೇ ಜನ ಬೇಕು. ಆದರೆ ಅವರ ಊಟ, ವ್ಯಾನಿನ ಬಾಡಿಗೆ, ಬಿಟ್ಟುಬಂದ ದಿನಗೂಲಿ ಎಲ್ಲವೂ ಏರಿದೆ. ಹೀಗಾಗಿ ಸಜೀವ ಕಲೆ ವರ್ಷದಿಂದ ವರ್ಷಕ್ಕೆ ತುಟ್ಟಿಯಾಗುತ್ತದೆ, ಧ್ವನಿಮುದ್ರಿತ ಸಂಗೀತ ಬಿಟ್ಟಿಯಾಗುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ಕಲಾವಿದ ರಸಮಂಜರಿಯಲ್ಲಿ ಚಿತ್ರಗೀತೆ ಹಾಡುತ್ತಾನೆ, ಇಲ್ಲವೆ ಹಾಡುವುದನ್ನೇ ಬಿಡುತ್ತಾನೆ.

ಶರೀಫರನ್ನೇ ಏಕೆ ಹಾಡುತ್ತಾರೆ?

ನಮ್ಮ ಬ್ಯಾಂಡುಗಳು ಮತ್ತೆ ಮತ್ತೆ ಶರೀಫರನ್ನು, ದಾಸರನ್ನು, ವಚನಕಾರರನ್ನು ಹಾಡುವುದೇಕೆ ಎಂಬ ಪ್ರಶ್ನೆಗೆ ಪರಂಪರೆಯ ಸೆಳೆತ, ತತ್ವಪದಗಳ ಗುಂಗು ಎಂಬ ಉತ್ತರಗಳಿವೆ. ಅವು ಸರಿಯೇ. ಆದರೆ ಕಾನೂನಿನ ಉತ್ತರವೂ ಒಂದಿದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಕವಿಯ ಹಕ್ಕು ಆತನ ಮರಣಾನಂತರ ಅರವತ್ತು ವರ್ಷ ಉಳಿಯುತ್ತದೆ. 1889ರಲ್ಲಿ ತೀರಿಕೊಂಡ ಶರೀಫರ ಪದಗಳಿಗೆ ಯಾರ ಅನುಮತಿಯೂ ಬೇಡ. 1981ರಲ್ಲಿ ಅಗಲಿದ ಬೇಂದ್ರೆಯವರ ಕವಿತೆಗೆ 2041ರ ಕೊನೆಯವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. ಹಕ್ಕುದಾರರು ಯಾರು, ಅವರನ್ನು ಕಾಣುವುದು ಹೇಗೆ ಎಂಬುದೇ ಬಹುತೇಕ ಹುಡುಗರಿಗೆ ತಿಳಿಯದು. ಹೊಸಗನ್ನಡ ಕಾವ್ಯ ಮತ್ತು ಹೊಸ ಸಂಗೀತದ ನಡುವೆ ಅನಂತಸ್ವಾಮಿ, ಅಶ್ವತ್ಥರ ಕಾಲದಲ್ಲಿದ್ದ ಸಲುಗೆ ಸಡಿಲಗೊಳ್ಳಲು ಇದೂ ಒಂದು ಕಾರಣ. ಅಂದು ಕವಿ ಮತ್ತು ಗಾಯಕ ಒಂದೇ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಒಪ್ಪಿಗೆಗೆ ಅರ್ಜಿ ಬೇಕಿರಲಿಲ್ಲ.

ಕವಿಯ ಹಕ್ಕನ್ನು ತೆಗೆದುಹಾಕಬೇಕೆಂಬುದು ನನ್ನ ವಾದವಲ್ಲ. ಹಕ್ಕು ಇರಲಿ, ಆದರೆ ಬಾಗಿಲು ಕಾಣಲಿ. 2012ರ ತಿದ್ದುಪಡಿ ಗೀತರಚನಕಾರ ಮತ್ತು ಸಂಗೀತ ಸಂಯೋಜಕರಿಗೆ ದೊಡ್ಡ ರಕ್ಷಣೆ ನೀಡಿದೆ. ಒಪ್ಪಂದದಲ್ಲಿ ಏನೇ ಬರೆಸಿಕೊಂಡರೂ ಅವರ ಗೌರವಧನದ ಪಾಲನ್ನು ಕಿತ್ತುಕೊಳ್ಳುವಂತಿಲ್ಲ. ಆದರೆ ಆ ಪಾಲು ಕೈಗೆ ಬರಲು ಮುಂಬೈನಲ್ಲಿರುವ ಗೌರವಧನ ಸಂಗ್ರಹ ಸಂಸ್ಥೆಯಾದ ಐಪಿಆರ್‌ಎಸ್‌ನ ಸದಸ್ಯತ್ವ ಬೇಕು, ಪ್ರತಿ ಹಾಡೂ ಅಲ್ಲಿ ದಾಖಲಾಗಿರಬೇಕು. ತನ್ನ ಹೊಲದ ಪಹಣಿ ತೆಗೆಸಲು ನಾಡಕಚೇರಿಗೆ ಹೋಗಬೇಕೆಂದು ನಮ್ಮ ಹಳ್ಳಿಯ ಹುಡುಗನಿಗೆ ಗೊತ್ತು. ತನ್ನ ಹಾಡಿಗೂ ಒಂದು ಪಹಣಿ ಇರುತ್ತದೆಂದು ಅವನಿಗೆ ಯಾರೂ ಹೇಳಿಲ್ಲ.

ನಾನೂ ಪಾಲುದಾರ

ಸರ್ಕಾರದ ಪಾತ್ರದ ಬಗ್ಗೆ ಬರೆಯುವಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದ ಮೊದಲ ವರ್ಷಗಳಲ್ಲಿ ಒಂದು ಉಪವಿಭಾಗದ ಹೊಣೆ ನನ್ನ ಮೇಲಿತ್ತು. ಕೆಲವು ಯುವಕರು ಪಟ್ಟಣದ ಮೈದಾನದಲ್ಲಿ ರಾತ್ರಿ ಹಾಡಿನ ಕಾರ್ಯಕ್ರಮ ನಡೆಸಲು ಅರ್ಜಿ ಕೊಟ್ಟರು. ತಾವೇ ಬರೆದ ಹಾಡುಗಳೆಂದು ಅರ್ಜಿಯಲ್ಲೇ ಕಾಣಿಸಿದ್ದರು. ಅದೇ ಅವರಿಗೆ ಮುಳುವಾಯಿತು. ಹಾಡಿನಲ್ಲಿ ಏನಿರಬಹುದೋ ಎಂಬ ಅನುಮಾನದ ಕೆಳಹಂತದ ವರದಿ ಬಂತು. ‘ಶಾಂತಿ ಮತ್ತು ಸುವ್ಯವಸ್ಥೆಯ ದೃಷ್ಟಿಯಿಂದ’ ಎಂದು ಬರೆದು ನಾನು ಸಹಿ ಹಾಕಿ ನಿರಾಕರಿಸಿದೆ. ಅದೇ ತಿಂಗಳು ಅದೇ ಮೈದಾನದಲ್ಲಿ ಸಿನಿಮಾ ತಾರೆಯರ ರಾತ್ರಿಯೊಂದು ಅದ್ಧೂರಿಯಾಗಿ ನಡೆಯಿತು. ಅದಕ್ಕೂ ಅನುಮತಿ ನನ್ನದೇ. ಆ ಯುವಕರಲ್ಲೊಬ್ಬ ಕಚೇರಿಗೆ ಬಂದು ಕೇಳಿದ: ‘ಸಾರ್, ನಾವೂ ಸಿನಿಮಾ ಹಾಡು ಅಂತ ಬರೆದಿದ್ರೆ ಕೊಡ್ತಿದ್ರಾ?’ ನನ್ನಲ್ಲಿ ಉತ್ತರವಿರಲಿಲ್ಲ. ಮೇಲೆ ಕ್ಯಾಸೆಟ್ಟುಗಳ ಬಗ್ಗೆ ಅಭಿಮಾನದಿಂದ ಬರೆದವನೂ ಆ ಕಡತಕ್ಕೆ ಸಹಿ ಹಾಕಿದವನೂ ಒಬ್ಬನೇ. ಆಡಳಿತಕ್ಕೆ ಪರಿಚಿತವಾದುದರ ಬಗ್ಗೆ ಇರುವ ವಿಶ್ವಾಸ ಹೊಸದರ ಬಗ್ಗೆ ಇರುವುದಿಲ್ಲ. ಇದು ದುರುದ್ದೇಶವಲ್ಲ, ಅಭ್ಯಾಸ. ದುರುದ್ದೇಶಕ್ಕಿಂತ ಅಭ್ಯಾಸವನ್ನು ತಿದ್ದುವುದು ಕಷ್ಟ.

ರಾಜಧಾನಿಯಲ್ಲೂ ಇದೇ ಆಯಿತು. ಸಾರ್ವಜನಿಕ ಮನರಂಜನಾ ಸ್ಥಳಗಳ ನಿಯಂತ್ರಣಕ್ಕೆಂದು ಬೆಂಗಳೂರಿನಲ್ಲಿ ಹೊರಡಿಸಿದ 2005ರ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಜನರ ಮನಸ್ಸಿನಲ್ಲಿ ‘ಲೈವ್ ಬ್ಯಾಂಡ್’ ಎಂದರೆ ನೃತ್ಯದ ಬಾರ್‌ಗಳು. ಆದರೆ ಆದೇಶದ ಜಾರಿಗೆ ಪೊಲೀಸರು ಮುಂದಾದಾಗ ಮೂಲೆಯಲ್ಲಿ ಕುಳಿತು ಗಿಟಾರ್ ನುಡಿಸುವವರ ಹಾಡೂ ಹಲವೆಡೆ ನಿಂತುಹೋಯಿತು. ನಿವಾಸಿಗಳ ನಿದ್ದೆಯ ಹಕ್ಕು ಸಣ್ಣದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ನಿಷಿದ್ಧ, ಅದು ಇರಬೇಕಾದದ್ದೇ. ಆದರೆ ಸಂಜೆ ಏಳಕ್ಕೆ ನೂರು ಜನ ಕುಳಿತು ಕೇಳುವ ಹಾಡಿಗೂ ನೃತ್ಯದ ಬಾರಿಗೂ ವ್ಯತ್ಯಾಸ ಕಾಣದ ನಿಯಮ, ನಿಯಮವಾಗಿ ವಿಫಲ.

ತೆರಿಗೆಯ ಮಾತೂ ಸ್ವಲ್ಪ ಬೇಕು. ಜಿಎಸ್‌ಟಿಯಲ್ಲಿ ಜಾನಪದ ಅಥವಾ ಶಾಸ್ತ್ರೀಯ ಕಲಾಪ್ರಕಾರದ ಪ್ರದರ್ಶನಕ್ಕೆ ಕಲಾವಿದ ಪಡೆಯುವ ಸಂಭಾವನೆ ಒಂದೂವರೆ ಲಕ್ಷ ರೂಪಾಯಿ ಮೀರದಿದ್ದರೆ ವಿನಾಯಿತಿ ಇದೆ. ಹಾಗಾದರೆ ತಂಬೂರಿಯೊಂದಿಗೆ ಹಾಡಿದ ಶರೀಫ ಜಾನಪದ, ಗಿಟಾರಿನೊಂದಿಗೆ ಹಾಡಿದ ಶರೀಫ ಏನು? ವಾರ್ಷಿಕ ವಹಿವಾಟು ಇಪ್ಪತ್ತು ಲಕ್ಷ ದಾಟದ ಕಲಾವಿದರಿಗೆ ನೋಂದಣಿಯೇ ಅಗತ್ಯವಿಲ್ಲವಾದ್ದರಿಂದ ಬಹುತೇಕರಿಗೆ ಈ ಪ್ರಶ್ನೆ ಎದುರಾಗದು. ಆದರೂ ಅದು ಒಂದು ಮನೋಭಾವದ ಗುರುತು. ಸರ್ಕಾರದ ದೃಷ್ಟಿಯಲ್ಲಿ ಸಂಗೀತಕ್ಕೆ ಶಾಸ್ತ್ರೀಯ, ಜಾನಪದ, ಸಿನಿಮಾ ಎಂಬ ಮೂರೇ ಮನೆಗಳಿವೆ. ನಾಲ್ಕನೆಯ ಮನೆಯವರಿಗೆ ಪಡಿತರ ಚೀಟಿಯಿಲ್ಲ. ಸಂಗೀತ ನೃತ್ಯ ಅಕಾಡೆಮಿ, ಜಾನಪದ ಅಕಾಡೆಮಿ ಎರಡೂ ಇರುವ ರಾಜ್ಯದಲ್ಲಿ ತನ್ನದೇ ಹಾಡು ಕಟ್ಟುವ ಇಪ್ಪತ್ತೆರಡರ ಯುವತಿ ಯಾರ ಬಾಗಿಲು ತಟ್ಟಬೇಕು?

ಉತ್ಸವಗಳ ವೇದಿಕೆಯಿದೆಯಲ್ಲ ಎನ್ನಬಹುದು. 2024ರ ಯುವ ದಸರಾಕ್ಕೆ ಎ.ಆರ್. ರೆಹಮಾನ್, ಇಳಯರಾಜ, ಶ್ರೇಯಾ ಘೋಷಾಲ್ ಬಂದರು. ನಮ್ಮವರೇ ಆದ ರವಿ ಬಸ್ರೂರು ಅವರೂ ಇದ್ದರು. ದೊಡ್ಡ ಕಲಾವಿದರನ್ನು ಕರೆಸುವುದು ತಪ್ಪಲ್ಲ. ಆದರೆ ‘ಯುವ’ ಎಂಬ ಹೆಸರಿನ ಉತ್ಸವದ ಮುಖ್ಯ ಆಕರ್ಷಣೆಯೆಲ್ಲ ಸಿನಿಮಾದಿಂದಲೇ ಬರುವುದಾದರೆ ಯಗಟಿಯ ವೇದಿಕೆಯ ಪಕ್ಕದಿಂದ ಕೇಳಿದ ಆ ಕೂಗಿಗೂ ಸರ್ಕಾರಕ್ಕೂ ಏನು ವ್ಯತ್ಯಾಸ?

ಹಾಗಾದರೆ ಏನು ಮಾಡಬಹುದು?

ಇಲ್ಲೊಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಸರ್ಕಾರದ ಹಣ ಪಡೆದ ಮೇಲೆ ಸ್ವತಂತ್ರ ಸಂಗೀತ ಸ್ವತಂತ್ರವಾಗಿ ಉಳಿಯುತ್ತದೆಯೇ? ನ್ಯಾಯವಾದ ಪ್ರಶ್ನೆ. ಕಲಾವಿದರನ್ನು ಆಯ್ದು ಹಣ ಹಂಚುವ ಸಮಿತಿಗಳನ್ನು ನಾನು ಒಳಗಿನಿಂದ ಕಂಡಿದ್ದೇನೆ. ಇನ್ನೊಂದು ಸಮಿತಿ ಬೇಡವೇ ಬೇಡ. ಸರ್ಕಾರ ಹಾಡನ್ನು ಪೋಷಿಸುವುದು ಬೇಡ, ಹಾಡಿನ ದಾರಿಯನ್ನು ರಿಪೇರಿ ಮಾಡಲಿ. ರಸ್ತೆ ಮಾಡಿಸುವ ಸರ್ಕಾರ ಅದರ ಮೇಲೆ ಯಾವ ಗಾಡಿ ಓಡಬೇಕೆಂದು ಹೇಳುವುದಿಲ್ಲ.

ಮೊದಲನೆಯದಾಗಿ, ಸ್ಥಳ. ತಾಲ್ಲೂಕು ಕೇಂದ್ರಗಳಲ್ಲಿ ಅಂಬೇಡ್ಕರ್ ಭವನ, ಸಮುದಾಯ ಭವನ, ರಂಗಮಂದಿರಗಳಿವೆ. ವರ್ಷದ ಬಹಳಷ್ಟು ಸಂಜೆ ಅವುಗಳ ಬಾಗಿಲಿಗೆ ಬೀಗ. ತಿಂಗಳಿಗೆ ಒಂದು ಸಂಜೆಯನ್ನು ಸ್ವಂತ ಹಾಡು ಹಾಡುವವರಿಗೆ ಕಡಿಮೆ ಬಾಡಿಗೆಗೆ, ಒಂದೇ ಅರ್ಜಿಯಲ್ಲಿ, ಅರ್ಜಿ ಬಂದ ಕ್ರಮದಲ್ಲೇ ಕೊಡಬೇಕು. ಏಳು ದಿನಗಳಲ್ಲಿ ನಿರಾಕರಣೆ ಬಾರದಿದ್ದರೆ ಅನುಮತಿ ದೊರೆತಂತೆಯೇ ಎಂಬ ನಿಯಮವಿರಲಿ. ನಿರಾಕರಿಸಿದರೆ ಕಾರಣ ಬರೆಯಲಿ. ನಾನು ಬರೆದಂತಹ ಕಾರಣವಲ್ಲ, ಪ್ರಶ್ನಿಸಬಹುದಾದ ಕಾರಣ.

ಎರಡನೆಯದು, ದಾಖಲೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಜಿಲ್ಲೆಗೊಂದು ಕಚೇರಿಯಿದೆ. ವರ್ಷಕ್ಕೆ ಎರಡು ಸಲ ಅದು ಹಕ್ಕು ನೋಂದಣಿ ಶಿಬಿರ ನಡೆಸಲಿ. ಹಾಡಿನ ಮಾಲೀಕತ್ವ ದಾಖಲಿಸುವುದು, ಐಪಿಆರ್‌ಎಸ್ ಸದಸ್ಯತ್ವ ಪಡೆಯುವುದು, ಒಪ್ಪಂದ ಓದುವುದು ಹೇಗೆಂದು ಕನ್ನಡದಲ್ಲಿ ತಿಳಿಸಲಿ. ಜೊತೆಗೆ ಆಧುನಿಕ ಕನ್ನಡ ಕವಿಗಳ ಕೃತಿಸ್ವಾಮ್ಯ ಯಾರ ಬಳಿಯಿದೆ, ಅನುಮತಿಗೆ ಯಾರನ್ನು ಕೇಳಬೇಕು ಎಂಬ ಪಟ್ಟಿಯೊಂದನ್ನು ಇಲಾಖೆ ಪ್ರಕಟಿಸಿದರೆ ಕಾವ್ಯಕ್ಕೂ ಸಂಗೀತಕ್ಕೂ ಏಕಕಾಲಕ್ಕೆ ಉಪಕಾರ. ಇದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ.

ಮೂರನೆಯದು, ಉತ್ಸವಗಳಲ್ಲಿ ಪಾಲು. ಸರ್ಕಾರಿ ಹಣದ ಪ್ರತಿ ಜಿಲ್ಲಾ ಉತ್ಸವದಲ್ಲಿ ಒಂದು ಸಂಜೆ ಆ ಜಿಲ್ಲೆಯವರ ಸ್ವಂತ ರಚನೆಗಳಿಗೆ ಮೀಸಲಾಗಲಿ, ಸಂಭಾವನೆ ಅದೇ ವಾರ ಖಾತೆಗೆ ಸೇರಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಪುಸ್ತಕದಂತೆಯೇ ಊರಿನವರ ಹಾಡನ್ನೂ ಅಲ್ಲಿ ದಾಖಲಿಸಿ ಇಡಬಹುದು.

ಇಷ್ಟೆಲ್ಲ ಮಾಡಿದರೂ ಉಳಿಯುವ ಪ್ರಶ್ನೆ ನಮ್ಮದು, ಕೇಳುಗರದು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಾಲೇಜೊಂದರಲ್ಲಿ ಹಿಂದಿ ಚಿತ್ರರಂಗದ ಹೆಸರಾಂತ ಗಾಯಕರೊಬ್ಬರನ್ನು ಕನ್ನಡ ಹಾಡು ಹಾಡುವಂತೆ ಒತ್ತಾಯಿಸಿದ್ದು, ಅದಕ್ಕೆ ಅವರಾಡಿದ ಮಾತು, ಅದರ ಬೆನ್ನಿಗೆ ಬಂದ ಪೊಲೀಸ್ ದೂರು, ಕ್ಷಮೆಯಾಚನೆ ನಮ್ಮೆಲ್ಲರ ನೆನಪಿನಲ್ಲಿವೆ. ಆ ಮಾತಿನಿಂದ ನೋವಾದದ್ದು ಸಹಜ. ಆದರೆ ಹೊರಗಿನ ಗಾಯಕನ ಬಾಯಿಂದ ಒಂದು ಕನ್ನಡ ಹಾಡು ಬರಲೆಂದು ಪಟ್ಟು ಹಿಡಿಯುವ ನಾವು, ಕನ್ನಡವನ್ನಷ್ಟೇ ಹಾಡುವವರ ಕಾರ್ಯಕ್ರಮಕ್ಕೆ ಕಳೆದ ವರ್ಷ ಎಷ್ಟು ಸಲ ಟಿಕೆಟ್ ಕೊಂಡೆವು? ಐನೂರು ರೂಪಾಯಿವರೆಗಿನ ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ಜಿಎಸ್‌ಟಿ ಕೂಡ ಇಲ್ಲ. ಒಂದು ಮಲ್ಟಿಪ್ಲೆಕ್ಸ್ ಸಿನಿಮಾ, ಅದರ ಪಾಪ್‌ಕಾರ್ನಿಗೆ ಕೊಡುವ ಹಣದಲ್ಲಿ ಎರಡು ಸಂಜೆಯ ಹಾಡು ಕೇಳಬಹುದು. ಆದರೆ ನಮ್ಮ ಮಧ್ಯಮ ವರ್ಗಕ್ಕೆ ಕನ್ನಡ ಕಾರ್ಯಕ್ರಮವೆಂದರೆ ‘ಎಲ್ಲರಿಗೂ ಆದರದ ಸ್ವಾಗತ’. ಆಮಂತ್ರಣ ಪತ್ರಿಕೆಯ ಕೊನೆಯ ಸಾಲನ್ನು ನಾವು ಸಂವಿಧಾನದತ್ತ ಹಕ್ಕೆಂದು ತಿಳಿದಿದ್ದೇವೆ. ಈ ಮಾತನ್ನು ಇತರರಿಗೆ ಹೇಳುತ್ತಿಲ್ಲ. ನಾಲ್ಕು ದಶಕ ಅಭಿಮಾನಿಯೆಂದು ಹೇಳಿಕೊಂಡ ನಾನೂ ನಿವೃತ್ತನಾಗುವವರೆಗೆ ಬಹುತೇಕ ಕಾರ್ಯಕ್ರಮಗಳಿಗೆ ಹೋದದ್ದು ಗಣ್ಯರ ಪಾಸಿನಲ್ಲಿ.

ಹಿಂದೆ ಹೀಗಿರಲಿಲ್ಲ. ನನ್ನ ಬಾಲ್ಯದಲ್ಲಿ ಸುಗ್ಗಿಯ ಹೊತ್ತಿಗೆ ಹೆಳವರು, ಚೌಡಿಕೆಯವರು, ಕಿನ್ನರಿ ಜೋಗಿಗಳು ಕಣಕ್ಕೆ ಬರುತ್ತಿದ್ದರು. ಹಾಡು ಕೇಳಿದ ರೈತ ರಾಶಿಯಿಂದ ಮೊರದ ತುಂಬ ರಾಗಿ ತೆಗೆದು ಜೋಳಿಗೆಗೆ ಸುರಿಯುತ್ತಿದ್ದ. ಪೌರಾಣಿಕ ನಾಟಕದಲ್ಲಿ ಕಂದಪದ್ಯ ಮೆಚ್ಚಿದವನು ವೇದಿಕೆಗೇ ಹೋಗಿ ಪಾತ್ರಧಾರಿಯ ಎದೆಗೆ ನೋಟು ಚುಚ್ಚುತ್ತಿದ್ದ. ಆ ವ್ಯವಸ್ಥೆಯೊಳಗೆ ಜಾತಿಯ ಕಟ್ಟುಪಾಡೂ ಇತ್ತು, ಬೇಡುವವನ ದೈನ್ಯವೂ ಇತ್ತು. ಅದು ಮರಳಿ ಬರಲಿ ಎಂದು ನಾನು ಹೇಳಲಾರೆ. ಆದರೆ ಕೇಳಿದ ಕಿವಿಗೂ ಕೊಟ್ಟ ಕೈಗೂ ನಡುವೆ ಅಂದು ಹುಂಡಿಯಿರಲಿಲ್ಲ. ಹಾಡು ಬಿಟ್ಟಿ ಎಂಬ ಭಾವನೆ ಬಡ ರೈತನಿಗೆ ಇರಲಿಲ್ಲ. ಅದು ನಮಗೆ, ಓದಿದವರಿಗೆ, ಬಂದದ್ದು.

ಜಾತ್ರೆಯ ಮರುದಿನ ಬೆಳಿಗ್ಗೆ ಯಗಟಿಯ ಬಸ್ ನಿಲ್ದಾಣದ ಬಳಿ ಆ ಹುಡುಗ ಮತ್ತೆ ಸಿಕ್ಕ. ಆಟೊದಲ್ಲಿ ಕೊಬ್ಬರಿ ಮೂ‌ಟೆ ಹೇರಿಕೊಂಡು ಹೊರಟಿದ್ದ. ಹಿಂದಿನ ರಾತ್ರಿ ಅರ್ಧಕ್ಕೆ ನಿಂತ ಹಾಡಿನ ಉಳಿದ ಭಾಗವನ್ನು ಕೇಳಬೇಕೆಂದೆ. ನಾಚಿಕೊಂಡೇ ಹಾಡಿದ. ಟೀ ಅಂಗಡಿಯ ನಾಲ್ಕಾರು ಜನ ಬಂದು ಸುತ್ತ ನಿಂತರು. ಮುಗಿದ ಮೇಲೆ ಹಣ ಕೊಡಲು ಹೋದೆ. ‘ಬ್ಯಾಡಿ ಸಾರ್, ಹಾಡಿಗೆ ಯಾರಾದ್ರೂ ದುಡ್ಡು ಇಸ್ಕೊಂತಾರಾ?’ ಎಂದ. ಕೊಬ್ಬರಿ ಮೂಟೆಗೆ ಬಾಡಿಗೆ ಎಷ್ಟೆಂದು ಕೇಳಿದರೆ ಅವನು ಕ್ಷಣವೂ ತಡೆಯದೆ ಹೇಳುತ್ತಿದ್ದ. ಹಾಡಿಗೂ ಒಂದು ಬಾಡಿಗೆ ಇದೆಯೆಂದು ಅವನಿಗೆ ಅನ್ನಿಸದಂತೆ ಮಾಡಿದವರು ನಾವೆಲ್ಲರೂ. ಅದನ್ನು ತೀರಿಸುವ ಹೊಣೆಯೂ ನಮ್ಮದೇ.